ಹಸು ಕರು ಹಾಕುವ ದಿನ: ಲೆಕ್ಕ ಎಲ್ಲಿಂದ ಶುರು?



“ಮೇಡಂ, ಮೊನ್ನೆ ಸೂಜಿ ಹಾಕಿಸಿದ್ವಿ. ಇವತ್ತು ಬೆಳಿಗ್ಗೆ ನೋಡಿದ್ರೆ ಹಸು ಮುಟ್ಟಾಗಿದೆ. ನಿಲ್ಲಲಿಲ್ಲ ಅಂತ ಕಾಣುತ್ತೆ. ಇನ್ನೊಂದ್ಸಲ ಬಂದು ಹಾಕ್ತೀರಾ?”

ಇಂಥ ಫೋನ್ ನನಗೆ ಆಗಾಗ ಬರುತ್ತಲೇ ಇರುತ್ತದೆ. ಬಾಲದ ಬುಡದಲ್ಲಿ ಮೆತ್ತಿಕೊಂಡ ರಕ್ತ ಕಂಡು ಮಾಡುವ ಫೋನ್ ಇದು. ಮಾಡುವವರು ಹೆಚ್ಚಾಗಿ ಹೆಂಗಸರೇ. ಸಗಣಿ ಬಾಚುವವರು, ಕೆಚ್ಚಲು ತೊಳೆಯುವವರು ನೀವಾದ್ದರಿಂದ ಆ ರಕ್ತ ಮೊದಲು ನಿಮ್ಮ ಕಣ್ಣಿಗೇ ಬೀಳುತ್ತದೆ. ನೀವು ನೋಡಿದ್ದು ಸರಿಯಾಗಿಯೇ ಇರುತ್ತದೆ. ಆದರೆ ಅದಕ್ಕೆ ಕೊಟ್ಟ ಅರ್ಥ ಮಾತ್ರ ನಮ್ಮ ಮೈಯದು, ಹಸುವಿನ ಮೈಯದಲ್ಲ. ಇಲ್ಲಿಂದಲೇ ದಿನದ ಲೆಕ್ಕ ತಪ್ಪುತ್ತಾ ಹೋಗುತ್ತದೆ. ಹಾಗಾಗಿ ಈ ಸಲ ನಮ್ಮ ಲೆಕ್ಕ, ಹಸುವಿನ ಲೆಕ್ಕ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡೋಣ.

ತಾಯಿ ಕಾರ್ಡಿನ ಲೆಕ್ಕ

ನಿಮ್ಮಲ್ಲಿ ಮಕ್ಕಳಿರುವವರ ಮನೆಯಲ್ಲಿ ತಾಯಿ ಕಾರ್ಡ್ ಇದ್ದೇ ಇರುತ್ತದೆ. ಅದರಲ್ಲಿ ಎರಡು ದಿನಾಂಕ ಬರೆದಿರುತ್ತಾರೆ. ಮೊದಲನೆಯದು ಕೊನೆಯ ಸಲ ಮುಟ್ಟಾದ ದಿನ, ಎರಡನೆಯದು ಹೆರಿಗೆಯಾಗಬಹುದಾದ ದಿನ. ಮೊದಲ ದಿನಾಂಕ ಗೊತ್ತಿದ್ದರೆ ಎರಡನೆಯದನ್ನು ಬೆರಳಲ್ಲೇ ಎಣಿಸಬಹುದು. ಮೂರು ತಿಂಗಳು ಹಿಂದಕ್ಕೆ ಹೋಗಿ, ಏಳು ದಿನ ಮುಂದಕ್ಕೆ ಬನ್ನಿ. ಜೂನ್ 10ಕ್ಕೆ ಮುಟ್ಟು ಶುರುವಾಗಿತ್ತು ಎಂದರೆ ಮೂರು ತಿಂಗಳು ಹಿಂದೆ ಮಾರ್ಚ್ 10, ಏಳು ದಿನ ಮುಂದೆ ಮಾರ್ಚ್ 17. ಸುಮಾರು 200 ವರ್ಷಗಳ ಹಿಂದೆ ಜರ್ಮನಿಯ ಹೈಡಲ್‌ಬರ್ಗ್‌ನಲ್ಲಿದ್ದ ನೇಗಲೆ ಎಂಬ ಹೆರಿಗೆ ವೈದ್ಯರ ಹೆಸರಿನಲ್ಲಿ ಈ ಸೂತ್ರ ಇವತ್ತಿಗೂ ನಡೆಯುತ್ತಿದೆ. ಒಟ್ಟು 280 ದಿನ, ಅಂದರೆ 40 ವಾರ.

ಇಲ್ಲಿ ಒಂದು ವಿಚಿತ್ರ ಇದೆ, ಗಮನಿಸಿ. ಮುಟ್ಟಾದ ದಿನ ಗರ್ಭ ನಿಂತಿರುವುದಿಲ್ಲ. 28 ದಿನಕ್ಕೊಮ್ಮೆ ಮುಟ್ಟಾಗುವ ಹೆಂಗಸಿಗೆ ಅಂಡ ಬಿಡುಗಡೆಯಾಗುವುದು ಸುಮಾರು 14ನೇ ದಿನ. ಹೀಗಾಗಿ ಮಗು ನಿಜವಾಗಿ ಹೊಟ್ಟೆಯಲ್ಲಿರುವುದು ಹೆಚ್ಚುಕಡಿಮೆ 266 ದಿನ. ಆದರೂ ಲೆಕ್ಕವನ್ನು ಮುಟ್ಟಿನಿಂದ ಹಿಡಿಯುತ್ತೇವೆ. ಕಾರಣ ಸರಳ: ಅಂಡ ಬಿಡುಗಡೆಯಾದದ್ದು ಯಾರಿಗೂ ಕಾಣುವುದಿಲ್ಲ, ಮುಟ್ಟು ಕಾಣುತ್ತದೆ. 35 ದಿನಕ್ಕೊಮ್ಮೆ ಮುಟ್ಟಾಗುವವರಿಗೆ ಅಂಡ ಬಿಡುಗಡೆ ಒಂದು ವಾರ ತಡ. ಆದ್ದರಿಂದ ಹೆರಿಗೆಯ ದಿನಕ್ಕೂ ಒಂದು ವಾರ ಸೇರಿಸಬೇಕು. ಮುಟ್ಟಿನ ದಿನಗಳೇ ಏರುಪೇರಾಗಿದ್ದರೆ, ತಾರೀಖು ನೆನಪಿಲ್ಲದಿದ್ದರೆ, ಮೊದಲ ಮೂರು ತಿಂಗಳೊಳಗೆ ಮಾಡಿಸುವ ಸ್ಕ್ಯಾನಿಂಗ್ ಹೇಳುವ ದಿನವೇ ಹೆಚ್ಚು ಸರಿ. ಇಷ್ಟೆಲ್ಲ ಮಾಡಿದರೂ ಕಾರ್ಡಿನಲ್ಲಿ ಬರೆದ ದಿನದಂದೇ ಹೆರಿಗೆಯಾಗುವುದು ನೂರರಲ್ಲಿ ನಾಲ್ಕೈದು ಮಂದಿಗೆ.

ಹಸುವಿನ ರಕ್ತ ಬೇರೆ ಮಾತು ಹೇಳುತ್ತದೆ

ಹಸುವಿಗೆ ಮುಟ್ಟು ಎಂಬುದೇ ಇಲ್ಲ. ಹಾಗಾದರೆ ಆ ರಕ್ತ ಏನು?

ಹೆಂಗಸರಲ್ಲಿ ಗರ್ಭ ನಿಲ್ಲದಿದ್ದಾಗ, ಅಂಡ ಬಿಡುಗಡೆಯಾಗಿ ಸುಮಾರು ಎರಡು ವಾರದ ಮೇಲೆ, ಗರ್ಭಕೋಶದ ಒಳಪದರವೇ ಕಳಚಿ ರಕ್ತವಾಗಿ ಹೋಗುತ್ತದೆ. ಹಸುವಿನಲ್ಲಿ ಆ ಪದರ ಕಳಚುವುದಿಲ್ಲ. ಬೆದೆಯ ಹೊತ್ತಿನಲ್ಲಿ ಗರ್ಭಕೋಶಕ್ಕೆ ರಕ್ತ ಜಾಸ್ತಿ ನುಗ್ಗಿರುತ್ತದೆ. ಬೆದೆ ಇಳಿದ ಮೇಲೆ ಅಲ್ಲಿನ ಸಣ್ಣ ರಕ್ತನಾಳಗಳು ಒಸರಿ, ಲೋಳೆಯ ಜೊತೆ ಸ್ವಲ್ಪ ರಕ್ತ ಬರುತ್ತದೆ. ಬೆದೆ ಮುಗಿದ ಒಂದರಿಂದ ಮೂರು ದಿನದೊಳಗೆ ಇದು ಕಾಣಿಸಿಕೊಳ್ಳುತ್ತದೆ. ಕಡಸುಗಳಲ್ಲಿ ಹೆಚ್ಚು, ಈದ ಹಸುಗಳಲ್ಲಿ ಕಡಿಮೆ. ಕೆಲವು ಹಸುಗಳಲ್ಲಿ ಕಾಣುವುದೇ ಇಲ್ಲ.

ಆದ್ದರಿಂದ ನಮ್ಮ ರಕ್ತ “ಈ ತಿಂಗಳು ಗರ್ಭ ನಿಂತಿಲ್ಲ” ಎನ್ನುತ್ತದೆ. ಹಸುವಿನ ರಕ್ತ “ಎರಡು ದಿನದ ಹಿಂದೆ ನಾನು ಬೆದೆಯಲ್ಲಿದ್ದೆ” ಎನ್ನುತ್ತದೆ. ಅಷ್ಟೇ. ಸೂಜಿ ನಿಂತಿದೆಯೋ ಇಲ್ಲವೋ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಮೊನ್ನೆ ಸೂಜಿ ಹಾಕಿಸಿ ಇವತ್ತು ರಕ್ತ ಕಂಡರೆ ಗಾಬರಿಯಾಗಬೇಡಿ, ಇನ್ನೊಂದು ಸೂಜಿಯೂ ಬೇಡ. ಅಂಡದ ಸಮಯ ಆಗಲೇ ಮುಗಿದಿರುತ್ತದೆ.

ಸೂಜಿ ಹಾಕಿಸದೆ ಬರೀ ರಕ್ತ ಕಂಡಿತು ಎನ್ನಿ. ಅಂದರೆ ಬೆದೆ ನಿಮ್ಮ ಕಣ್ಣು ತಪ್ಪಿಸಿ ಹೋಗಿದೆ. ಆಗ ಆ ರಕ್ತವೇ ಒಂದು ಉಪಕಾರ ಮಾಡುತ್ತದೆ. ಹಸು ಸರಾಸರಿ 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. 18 ದಿನಕ್ಕೂ ಬರಬಹುದು, 24ಕ್ಕೂ ಬರಬಹುದು. ರಕ್ತ ಕಂಡ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ಅಲ್ಲಿಂದ 19ನೇ ದಿನದ ಆಸುಪಾಸು, ಅಂದರೆ 16ರಿಂದ 22ನೇ ದಿನದವರೆಗೆ ಎಚ್ಚರವಾಗಿ ನೋಡಿ. ಒಂದು ಬೆದೆ ಹೋಯಿತು ಅಂದರೆ ಮೂರು ವಾರದ ಮೇವು, ಫೀಡ್ ಹೋಯಿತು. ಎರಡನೆಯದನ್ನೂ ಕಳೆದುಕೊಳ್ಳುವುದು ಬೇಡ.

ಒಂದು ಎಚ್ಚರಿಕೆ. ಗಬ್ಬ ಎಂದು ಖಚಿತವಾದ ಹಸುವಿನಲ್ಲಿ ರಕ್ತ ಕಂಡರೆ, ಅಥವಾ ವಾಸನೆ ಬರುವ, ಕೀವು ಬೆರೆತ ಸ್ರಾವ ಕಂಡರೆ, ಮೇಲಿನ ಮಾತು ಅನ್ವಯಿಸುವುದಿಲ್ಲ. ತಕ್ಷಣ ವೈದ್ಯರನ್ನು ಕರೆಸಿ.

ಒಂಟಿ ಹಸುವಿನ ಬೆದೆ

ನಾನಿರುವುದು ಕುಕ್ ಟೌನ್‌ನಲ್ಲಿ. ಕೆಲಸ ಕೆ.ಆರ್. ಪುರ ದಾಟಿ ಬಿದರಹಳ್ಳಿ ಕಡೆಯ ಊರುಗಳಲ್ಲಿ. ಎರಡು ಕಡೆಯೂ ಹಸು ಕಟ್ಟುವವರಿದ್ದಾರೆ. ನಮ್ಮ ಸುತ್ತಮುತ್ತಲ ಓಣಿಗಳಲ್ಲಿ, ಜೀವನಹಳ್ಳಿ, ಲಿಂಗರಾಜಪುರದ ಕಡೆ, ಮನೆ ಪಕ್ಕದ ಹತ್ತಡಿ ಜಾಗದಲ್ಲಿ ಒಂದೋ ಎರಡೋ ಸೀಮೆ ಹಸು ಕಟ್ಟಿ ಮನೆ ಮನೆಗೆ ಹಾಲು ಹಾಕುವ ಹೆಂಗಸರು ಈಗಲೂ ಇದ್ದಾರೆ. ಇವರ ಹಸುವಿಗೆ ಬೇರೆ ದನದ ಸಹವಾಸವಿಲ್ಲ. ಒಂದರ ಮೇಲೊಂದು ಹತ್ತುವುದು ಬೆದೆಯ ಅತಿ ದೊಡ್ಡ ಗುರುತು. ಒಂಟಿ ಹಸು ಯಾರ ಮೇಲೆ ಹತ್ತಬೇಕು? ಹಳ್ಳಿಯಲ್ಲೂ ಈಗ ಮೇಯಲು ಬಿಡುವವರು ಕಡಿಮೆ, ಕಟ್ಟಿ ಸಾಕುವವರೇ ಹೆಚ್ಚು. ಹೀಗಾಗಿ ಈ ತೊಂದರೆ ಎಲ್ಲರದೂ ಆಗಿದೆ.

ಕಟ್ಟಿದ ಹಸುವಿನಲ್ಲಿ ನೋಡಬೇಕಾದ್ದು ಬೇರೆ. ಗಾಜಿನಂತೆ ತಿಳಿಯಾದ, ಎಳೆ ಎಳೆಯಾಗಿ ಜೋತಾಡುವ ಲೋಳೆ. ಊದಿ ಕೆಂಪಾದ ಯೋನಿದ್ವಾರ. ಕಾರಣವಿಲ್ಲದೆ ಕೂಗು, ಪದೇ ಪದೇ ಗಂಜಲ, ಮೇವಿನ ಕಡೆ ಗಮನವಿಲ್ಲದಿರುವುದು. ನಿನ್ನೆ ಆರು ಲೀಟರ್ ಕೊಟ್ಟದ್ದು ಇವತ್ತು ಐದಕ್ಕೆ ಇಳಿಯುವುದು. ಹಾಲು ಕಡಿಮೆಯಾದದ್ದು ಡೈರಿಯಲ್ಲಿ ಅಳೆಯುವಾಗ ನಿಮಗೇ ಮೊದಲು ಗೊತ್ತಾಗುತ್ತದೆ. ಲೋಳೆ ಬೆಳಗಿನ ಜಾವ, ಹಸು ಮಲಗಿದ್ದಾಗ ಅದರ ಹಿಂದೆ ನೆಲದ ಮೇಲೆ ಬಿದ್ದಿರುತ್ತದೆ. ಸಗಣಿ ಬಾಚುವ ಮೊದಲು ಒಂದು ನಿಮಿಷ ಬೆಳಕು ಹಿಡಿದು ನೋಡಿ. ಬಾಚಿದ ಮೇಲೆ ಸಾಕ್ಷಿ ಹೋಯಿತು! ಎಮ್ಮೆಯ ವಿಷಯದಲ್ಲಂತೂ ಇನ್ನೂ ಕಷ್ಟ. ಅದು ಸದ್ದಿಲ್ಲದೆ ಬೆದೆಗೆ ಬರುತ್ತದೆ, ಬೇಸಿಗೆಯಲ್ಲಿ ಇನ್ನೂ ಮೌನ.

ಬೆಳಿಗ್ಗೆ ಬೆದೆ ಕಂಡರೆ ಅದೇ ದಿನ ಸಂಜೆ ಸೂಜಿ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ. ಇದು ನಿಮಗೆಲ್ಲ ಗೊತ್ತಿರುವುದೇ.

ಅದೇ 280, ಆದರೆ ಶುರು ಬೇರೆ

ಈಗ ಮುಖ್ಯ ವಿಷಯ. ಎಚ್‌ಎಫ್, ಜರ್ಸಿ ಮತ್ತು ಇವುಗಳ ಮಿಶ್ರತಳಿ ಹಸುಗಳ ಗಬ್ಬದ ಅವಧಿಯೂ ಸರಾಸರಿ 280 ದಿನವೇ. ಅಂದರೆ ತಾಯಿ ಕಾರ್ಡಿನ ಸೂತ್ರವೇ ಹಸುವಿಗೂ ಸರಿಹೋಗುತ್ತದೆ: ಮೂರು ತಿಂಗಳು ಹಿಂದೆ, ಏಳು ದಿನ ಮುಂದೆ. ಎಣಿಸಲು ಹಿಡಿಯುವ ದಿನ ಮಾತ್ರ ಬೇರೆ. ನಮಗೆ ಮುಟ್ಟಾದ ದಿನ, ಹಸುವಿಗೆ ಸೂಜಿ ಹಾಕಿಸಿದ ದಿನ. ಜೂನ್ 10ಕ್ಕೆ ಸೂಜಿಯಾದರೆ ಮಾರ್ಚ್ 17ಕ್ಕೆ ಕರು. ಎಮ್ಮೆಗೆ ಸುಮಾರು 310 ದಿನ. ಅಲ್ಲಿ ಎರಡೇ ತಿಂಗಳು ಹಿಂದಕ್ಕೆ ಹೋಗಿ ಏಳು ದಿನ ಮುಂದಕ್ಕೆ ಬನ್ನಿ: ಜೂನ್ 10ರ ಸೂಜಿಗೆ ಏಪ್ರಿಲ್ 17ರ ಸುಮಾರಿಗೆ. ಹಳ್ಳಿಕಾರ್‌ನಂಥ ನಾಟಿ ಹಸುಗಳು ಸೀಮೆ ಹಸುವಿಗಿಂತ ಐದಾರು ದಿನ, ಕೆಲವೊಮ್ಮೆ ಹತ್ತು ದಿನ ಹೆಚ್ಚು ತೆಗೆದುಕೊಳ್ಳುತ್ತವೆ.

ಹೋರಿಗರು ಇದ್ದರೆ ಒಂದೆರಡು ದಿನ ತಡ, ಅವಳಿ ಇದ್ದರೆ ಒಂದು ವಾರದಷ್ಟು ಮುಂಚೆ. ಚೊಚ್ಚಲ ಕಡಸು ಒಂದೆರಡು ದಿನ ಬೇಗ. ಹೇಳಿದ ದಿನದ ಹಿಂದೆ ಮುಂದೆ ಹತ್ತು ದಿನದವರೆಗೆ ಚಿಂತೆ ಬೇಡ.

ಸೂಜಿಯ ದಿನ ನಮಗೆ ಇಷ್ಟು ಖಚಿತವಾಗಿ ಸಿಗುವುದು ಒಂದು ಭಾಗ್ಯ ಎಂದೇ ನಾನು ಹೇಳುತ್ತೇನೆ. ಹಿಂದೆ ಮೇಯುವ ಮಂದೆಯಲ್ಲಿ ಹೋರಿ ಯಾವತ್ತು ಹಾರಿತು ಎಂದು ಯಾರಿಗೂ ತಿಳಿಯುತ್ತಿರಲಿಲ್ಲ. ಹೊಟ್ಟೆ, ಕೆಚ್ಚಲು ನೋಡಿ ಅಂದಾಜು ಮಾಡುತ್ತಿದ್ದರು. ಭಾರತದಲ್ಲಿ ಕೃತಕ ಗರ್ಭಧಾರಣೆ ಮೊದಲು ನಡೆದದ್ದು ನಮ್ಮ ಮೈಸೂರಿನಲ್ಲೇ. 1939ರಲ್ಲಿ ಅರಮನೆಯ ಡೈರಿ ಫಾರಂನಲ್ಲಿ ಡಾ. ಸಂಪತ್ ಕುಮಾರನ್ ಅವರು ಹಳ್ಳಿಕಾರ್ ಹಸುಗಳಿಗೆ ಎಚ್‌ಎಫ್ ಹೋರಿಯ ವೀರ್ಯ ಬಳಸಿ ಅದನ್ನು ಮಾಡಿದರು. ಈಗ ಹೆಸರಘಟ್ಟದಂಥ ಕೇಂದ್ರಗಳಲ್ಲಿ ತಯಾರಾದ ವೀರ್ಯನಳಿಕೆ, ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಕುಳಿತು, ಹೋರಿಯ ನಂಬರು ಸಮೇತ ನಿಮ್ಮ ಕೊಟ್ಟಿಗೆಗೆ ಬರುತ್ತದೆ. ಇಷ್ಟಾದ ಮೇಲೂ ಆ ತಾರೀಖನ್ನು ಬರೆದಿಡದಿದ್ದರೆ ಹೇಗೆ?

ಯಾವ ಸೂಜಿ?

ತಾರೀಖು ಬರೆದಿದ್ದರೂ ತಪ್ಪುವ ಜಾಗ ಒಂದಿದೆ. ಜೂನ್ 10ಕ್ಕೆ ಸೂಜಿಯಾಯಿತು, ಚೀಟಿ ಗೋಡೆಯ ಮೊಳೆಗೆ ಸಿಕ್ಕಿಸಿದಿರಿ. ಜುಲೈ 1ಕ್ಕೆ ಹಸು ತಿರುಗಿ ಬೆದೆಗೆ ಬಂತು, ಇನ್ನೊಂದು ಸೂಜಿ ಹಾಕಿಸಿದ್ದು ಮನೆಯವರು. ಆ ಚೀಟಿ ಅವರ ಅಂಗಿಯ ಜೇಬಿನಲ್ಲೇ ಉಳಿಯಿತು. ಈಗ ನೀವು ಮಾರ್ಚ್ 17ಕ್ಕೆ ಕಾಯುತ್ತೀರಿ, ಹಸು ಏಪ್ರಿಲ್ 7ಕ್ಕೆ ಈಯುತ್ತದೆ. ನಡುವೆ ಮೂರು ವಾರ “ದಿನ ಮೀರಿತು” ಎಂಬ ಆತಂಕ. ಯಾರೋ ಹೇಳಿದರೆಂದು ಹೆರಿಗೆ ಬರಿಸುವ ಇಂಜೆಕ್ಷನ್ ಕೊಡಿಸಿದರೆ ಬಲಿಯದ ಕರು ಹೊರಗೆ ಬರುತ್ತದೆ. ಸೂಜಿಯ ದಿನ ಖಚಿತವಿಲ್ಲದೆ ಆ ಇಂಜೆಕ್ಷನ್ ಕೇಳಲೇಬೇಡಿ.

ಇದರ ತಿರುಗುಮುರುಗು ಇನ್ನೂ ಕೆಟ್ಟದ್ದು. ಗಬ್ಬದ ಹಸುಗಳಲ್ಲೂ ಕೆಲವು ಬೆದೆಯ ಲಕ್ಷಣ ತೋರಿಸುತ್ತವೆ. ಮೊದಲ ಸೂಜಿಯೇ ನಿಂತಿದ್ದು, ಎರಡನೆಯ ತಾರೀಖು ಹಿಡಿದು ಕೂತರೆ, ಹಸು ನಿಮ್ಮ ಲೆಕ್ಕಕ್ಕಿಂತ ಮೂರು ವಾರ ಮುಂಚೆ ಈಯುತ್ತದೆ. ಯಾರೂ ಕಾಯದ ರಾತ್ರಿಯಲ್ಲಿ. ಅದಕ್ಕೇ ಎಲ್ಲ ಸೂಜಿಗಳ ತಾರೀಖೂ ಇರಲಿ. ಸಾಮಾನ್ಯವಾಗಿ ಕೊನೆಯ ಸೂಜಿ ಹಿಡಿಯಿರಿ. ಗಬ್ಬ ಪರೀಕ್ಷೆ ಮಾಡುವಾಗ ವೈದ್ಯರಿಗೆ ಎಲ್ಲವನ್ನೂ ಹೇಳಿ. ಗರ್ಭದ ಗಾತ್ರ ಯಾವ ತಾರೀಖಿಗೆ ಹೊಂದುತ್ತದೆ ಎಂದು ಅವರು ಹೇಳಬಲ್ಲರು. ತಿಂಗಳುಗಟ್ಟಲೆ ಸುಮ್ಮನಿದ್ದ ಹಸು ಮತ್ತೆ ಬೆದೆ ತೋರಿಸಿದರೆ, ಪರೀಕ್ಷೆ ಮಾಡಿಸದೆ ಸೂಜಿ ಹಾಕಿಸಬೇಡಿ. ಗಬ್ಬದ ಹಸುವಿಗೆ ಸೂಜಿ ಬಿದ್ದರೆ ಕಂದು ಹಾಕಬಹುದು.

ಕಿವಿಯೋಲೆಯ 12 ಅಂಕಿಯ ನಂಬರಿನ ಮೇಲೆ ಸೂಜಿಯ ವಿವರ ‘ಭಾರತ್ ಪಶುಧನ್’ನಲ್ಲೂ ದಾಖಲಾಗುತ್ತದೆ. ಮೊಬೈಲಿನಲ್ಲಿ ದಾಖಲಿಸಿದರೋ ಎಂದು ಕೇಳಿ. ಆದರೂ ನನ್ನ ನಂಬಿಕೆ ಗೋಡೆಯ ಕ್ಯಾಲೆಂಡರಿನ ಮೇಲೆಯೇ. ಅದು ನಿಮ್ಮ ಕೈಯಲ್ಲಿರುತ್ತದೆ, ಮನೆಯವರೆಲ್ಲರ ಕಣ್ಣಿಗೂ ಬೀಳುತ್ತದೆ.

ಬೆದೆಗೆ ಬರಲಿಲ್ಲ ಅಂದರೆ ಗಬ್ಬವೇ?

ಮುಟ್ಟು ನಿಂತ ಮಾತ್ರಕ್ಕೆ ಬಸಿರು ಅಲ್ಲ ಎಂದು ನಮಗೆ ಗೊತ್ತು. ಹಸುವಿಗೂ ಅದೇ ಮಾತು. ಜೂನ್ 10ರ ಸೂಜಿಗೆ ಜೂನ್ 28ರಿಂದ ಜುಲೈ 4ರವರೆಗೆ ಕಾದು ನೋಡಿದಿರಿ, ಬೆದೆ ಬರಲಿಲ್ಲ. ಸಂತೋಷ. ಆದರೆ ಅದು ರಾತ್ರಿ ಬಂದು ಹೋಗಿರಬಹುದು. ಎರಡರಿಂದ ಮೂರು ತಿಂಗಳ ನಡುವೆ, ಅಂದರೆ ಆಗಸ್ಟ್ 10ರಿಂದ ಸೆಪ್ಟೆಂಬರ್ 10ರೊಳಗೆ, ಕೈ ಹಾಕಿ ಪರೀಕ್ಷೆ ಮಾಡಿಸಿ. ಇದನ್ನು ಬಿಟ್ಟವರ ಮನೆಯಲ್ಲೇ ಏಳನೇ ತಿಂಗಳಿಗೆ “ಖಾಲಿ” ಎಂಬ ಮಾತು ಕೇಳಬೇಕಾಗುವುದು. ಅಷ್ಟು ಹೊತ್ತಿಗೆ ಹಾಲೂ ಇಳಿದಿರುತ್ತದೆ, ಕರುವೂ ಇಲ್ಲ, ಫೀಡಿನ ಬಾಕಿ ಡೈರಿಯ ಲೆಕ್ಕದಲ್ಲಿ ಹಾಗೇ ಇರುತ್ತದೆ. ಇಂಥ ಹಸುವನ್ನೇ ಬಂದ ಬೆಲೆಗೆ ಮಾರಿಬಿಡುತ್ತಾರೆ. ಹಸು ಕೆಟ್ಟದ್ದಾಗಿರುವುದಿಲ್ಲ, ಲೆಕ್ಕ ಇಟ್ಟಿರುವುದಿಲ್ಲ.

ಪುಣ್ಯಕೋಟಿ ಪರೀಕ್ಷೆ ಎಂಬುದನ್ನು ಕೆಲವರು ಕೇಳಿರಬಹುದು. ಪ್ರಾಚೀನ ಈಜಿಪ್ಟಿನಲ್ಲಿ ಹೆಂಗಸರ ಮೂತ್ರದಲ್ಲಿ ಗೋಧಿ, ಬಾರ್ಲಿ ನೆನೆಸಿ ಬಸಿರು ತಿಳಿಯುತ್ತಿದ್ದರಂತೆ. ಅದನ್ನೇ ಹಸುವಿಗೆ ಅಳವಡಿಸಿದ ಬರಹವೊಂದು 1993ರಲ್ಲಿ ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬಂತು. ನೀರು ಬೆರೆಸಿದ ಗಂಜಲದಲ್ಲಿ ಕಾಳು ಹಾಕಿದರೆ, ಗಬ್ಬದ ಹಸುವಿನ ಗಂಜಲದಲ್ಲಿ ಮೊಳಕೆ ಸರಿಯಾಗಿ ಬರುವುದಿಲ್ಲ. ಕುತೂಹಲಕ್ಕೆ ಮಾಡಿ ನೋಡಿ, ಮಕ್ಕಳಿಗೂ ತೋರಿಸಿ. ಆದರೆ ಹಸುವನ್ನು ಮಾರುವ ಅಥವಾ ಉಳಿಸಿಕೊಳ್ಳುವ ತೀರ್ಮಾನವನ್ನು ಅದರ ಮೇಲೆ ಮಾಡಬೇಡಿ.

ದಿನ ಗೊತ್ತಿದ್ದರೆ ಏನು ಲಾಭ

ಮೊದಲನೆಯದು ಹಾಲು ಬತ್ತಿಸುವುದು. ಕರು ಹಾಕುವುದಕ್ಕೆ 60 ದಿನ ಮೊದಲು ಹಿಂಡುವುದನ್ನು ನಿಲ್ಲಿಸಬೇಕು. ಮಾರ್ಚ್ 17ಕ್ಕೆ ಕರುವಾದರೆ ಜನವರಿ 16ರ ಹೊತ್ತಿಗೆ ಕೊನೆಯ ಹಾಲು. ನಾಲ್ಕು ಲೀಟರ್ ಬರುತ್ತಿರುವಾಗ ನಿಲ್ಲಿಸಲು ಮನಸ್ಸು ಬರುವುದಿಲ್ಲ, ನನಗೆ ಅರ್ಥವಾಗುತ್ತದೆ. ಡೈರಿಯ ಬಟವಾಡೆಯಲ್ಲೇ ಮಕ್ಕಳ ಫೀಸು ಕಟ್ಟುವ ಮನೆಗೆ ಎರಡು ತಿಂಗಳು ಸಣ್ಣ ಮಾತಲ್ಲ. ಆದರೆ ಹೊಟ್ಟೆಯ ಕರು ಅತಿ ಹೆಚ್ಚು ಬೆಳೆಯುವುದು ಇದೇ ಎರಡು ತಿಂಗಳಲ್ಲಿ, ಕೆಚ್ಚಲು ಮುಂದಿನ ಸೂಲಿಗೆ ತನ್ನನ್ನು ಸರಿಪಡಿಸಿಕೊಳ್ಳುವುದೂ ಆಗಲೇ. ಕೊನೆಯವರೆಗೂ ಹಿಂಡಿದ ಹಸು ಮುಂದಿನ ಸೂಲಿನ ಉದ್ದಕ್ಕೂ ಕಡಿಮೆ ಹಾಲು ಕೊಡುತ್ತದೆ, ಗಿಣ್ಣು ಹಾಲೂ ತೆಳ್ಳಗಾಗುತ್ತದೆ. ನಿಲ್ಲಿಸುವ ದಿನ ಮೊಲೆಗೆ ಏರಿಸುವ ಔಷಧಿಯ ಬಗ್ಗೆ ವೈದ್ಯರನ್ನು ಕೇಳಿ. ಕೆಚ್ಚಲು ಬಾವು ತಪ್ಪುತ್ತದೆ.

ಎರಡನೆಯದು ಕ್ಯಾಲ್ಸಿಯಂ. ಕರು ಹಾಕುವುದಕ್ಕೆ ಎರಡು ಮೂರು ವಾರ ಮೊದಲೇ ಬಾಟಲಿಗಟ್ಟಲೆ ಕ್ಯಾಲ್ಸಿಯಂ ಕುಡಿಸುವ ರೂಢಿ ಬಂದಿದೆ. ಒಳ್ಳೆಯದಾಗಲಿ ಎಂದೇ ಕುಡಿಸುತ್ತೀರಿ. ಹೊರಗಿನಿಂದ ಅಷ್ಟು ಬಂದಾಗ ಹಸುವಿನ ಮೈ ತನ್ನ ಮೂಳೆಯಿಂದ ಕ್ಯಾಲ್ಸಿಯಂ ತೆಗೆಯುವ ಅಭ್ಯಾಸ ಬಿಡುತ್ತದೆ. ಈದ ದಿನ ಹಾಲಿಗೆ ಒಮ್ಮೆಲೇ ಬೇಕಾದಾಗ ಸಿಗದೆ, ಹಾಲಿನ ಜ್ವರ ಬಂದು ಕುತ್ತಿಗೆ ಮಡಚಿ ಮಲಗಿಬಿಡುತ್ತದೆ. ಆ ವಾರಗಳಲ್ಲಿ ಬೇಕಾದ್ದು ಸ್ವಲ್ಪ ಸ್ವಲ್ಪವಾಗಿ ಏರಿಸುವ ಪಶು ಆಹಾರ. ಯಾವ ಖನಿಜ ಮಿಶ್ರಣ, ಎಷ್ಟು ಎಂಬುದನ್ನು ಸಂಘದ ವೈದ್ಯರಿಗೆ ಕೇಳಿ ಕೊಡಿ.

ಮೂರನೆಯದು ಕಾವಲು. ಹೇಳಿದ ದಿನಕ್ಕೆ ಹತ್ತು ದಿನ ಮೊದಲಿನಿಂದ ರಾತ್ರಿ ಒಮ್ಮೆ ಎದ್ದು ನೋಡಿ. ಬಾಲದ ಬುಡದ ಎರಡೂ ಕಡೆ ಗುಳಿ ಬಿದ್ದು, ಕೆಚ್ಚಲು ಬಿಗಿದರೆ ಸಮಯ ಹತ್ತಿರ ಬಂತು. ನೀರುಚೀಲ ಕಂಡು ಎರಡು ಗಂಟೆಯಾದರೂ ಕರು ಮುಂದೆ ಬರದಿದ್ದರೆ ಎಳೆಯಬೇಡಿ, ಫೋನ್ ಮಾಡಿ. ಕರು ಹುಟ್ಟಿದ ಮೊದಲ ಗಂಟೆಯಲ್ಲೇ ಗಿಣ್ಣು ಹಾಲು ಕುಡಿಸಿ, ಕಸ ಬೀಳಲಿ ಎಂದು ಕಾಯಬೇಡಿ. 290 ದಿನ ದಾಟಿದ ಸೀಮೆ ಹಸುವನ್ನು ಒಮ್ಮೆ ಪರೀಕ್ಷಿಸಿಸಿ.

ಈದ ದಿನವನ್ನೂ ಅದೇ ಕ್ಯಾಲೆಂಡರಿನಲ್ಲಿ ಬರೆಯಿರಿ. ವರ್ಷಕ್ಕೊಂದು ಕರು ಬೇಕಾದರೆ 365ರಲ್ಲಿ 280 ಕಳೆದು ಉಳಿಯುವ 85 ದಿನದೊಳಗೆ ಹಸು ಮತ್ತೆ ಗಬ್ಬ ಕಟ್ಟಬೇಕು.

ಮನೆಯಲ್ಲಿ ಎರಡು ಹೆರಿಗೆ ಇದ್ದರೆ

ಒಂದೇ ಮನೆಯಲ್ಲಿ ಸೊಸೆಯ ತಾಯಿ ಕಾರ್ಡಿನ ದಿನವೂ ಹಸುವಿನ ದಿನವೂ ಹತ್ತಿರ ಹತ್ತಿರ ಬರುವುದುಂಟು. ಅಂಥ ಮನೆಗೆ ಹೋದಾಗ ನಾನು ಹಸುವಿಗಿಂತ ಮೊದಲು ಅವಳ ದಿನ ಕೇಳುತ್ತೇನೆ. ಕಂದು ರೋಗವಿರುವ ಹಸುವಿನ ಕಸ, ಲೋಳೆ, ಸತ್ತು ಹುಟ್ಟಿದ ಕರು, ಇವೆಲ್ಲದರಲ್ಲೂ ರೋಗಾಣು ತುಂಬಿರುತ್ತದೆ. ಅದು ಮನುಷ್ಯರಿಗೂ ಅಂಟುತ್ತದೆ. ತಿಂಗಳುಗಟ್ಟಲೆ ಬಿಟ್ಟು ಬಿಟ್ಟು ಬರುವ ಜ್ವರ, ಕೀಲುನೋವು. ಬಸುರಿಗೆ ಅಂಟಿದರೆ ಗರ್ಭಪಾತವೂ ಆಗಬಹುದು. ಹಸು ನೋಡಲು ಆರೋಗ್ಯವಾಗಿಯೇ ಇರಬಹುದು.

ಆದ್ದರಿಂದ ಬಸುರಿಯಾದವರು ಹಸುವಿನ ಹೆರಿಗೆಗೆ ಕೈ ಹಾಕಬಾರದು, ಕಸ ಎತ್ತಬಾರದು, ಆ ಜಾಗ ತೊಳೆಯಬಾರದು. ಹಸಿ ಹಾಲು ಯಾರೂ ಕುಡಿಯಬಾರದು, ಕಾಯಿಸಿಯೇ ಕುಡಿಯಬೇಕು. ಬೇರೆಯವರು ಮಾಡುವಾಗಲೂ ಕೈಗೆ ಗ್ಲೌಸ್ ಇರಲಿ. ಕಸವನ್ನು ನಾಯಿಗೆ ಎಸೆಯದೆ ಸುಣ್ಣ ಹಾಕಿ ಆಳಕ್ಕೆ ಹೂಳಿ. 4ರಿಂದ 8 ತಿಂಗಳ ಹೆಣ್ಣುಗರುಗಳಿಗೆ ಕಂದು ರೋಗದ ಲಸಿಕೆ ಒಮ್ಮೆ ಹಾಕಿಸಿದರೆ ಸಾಕು. ಹಸುವಿನ ದಿನ ಮೊದಲೇ ಗೊತ್ತಿದ್ದರೆ ಆ ವಾರ ಯಾರು ಕೊಟ್ಟಿಗೆಗೆ ಹೋಗಬೇಕು, ಯಾರು ಹೋಗಬಾರದು ಎಂದು ಮನೆಯಲ್ಲಿ ಮುಂಚೆಯೇ ಮಾತಾಡಿಕೊಳ್ಳಬಹುದು. ಅತ್ತೆಯರು ಈ ಮಾತನ್ನು ತಾವಾಗಿಯೇ ಎತ್ತಬೇಕು. ಸೊಸೆ ಬಾಯಿಬಿಟ್ಟು “ನಾನು ಮಾಡೋದಿಲ್ಲ” ಎನ್ನುವುದು ಎಷ್ಟೋ ಮನೆಗಳಲ್ಲಿ ಸುಲಭವಲ್ಲ.